ತುಂಬಿದ ಮೂಟೆ ಬಾಗುವುದಿಲ್ಲ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ನಾನು ಮೊದಲು ತೋರಿಸುವುದು ಎರಡು ಗಾಜಿನ ಟ್ಯೂಬು. ಒಂದರಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ 0.9% ಉಪ್ಪುನೀರು, ಅಂದರೆ ಸಲೈನ್. ಎರಡಕ್ಕೂ ಒಂದೊಂದು ಹನಿ ರಕ್ತ ಹಾಕಿ, ಹಿಂದೆ ಹಳೇ ಪೇಪರ್ ಹಿಡಿಯುತ್ತೇನೆ. ಸಲೈನ್ ಟ್ಯೂಬು ಮಬ್ಬು, ಅಕ್ಷರ ಕಾಣುವುದಿಲ್ಲ. ನೀರಿನದು ತಿಳಿ ಶರಬತ್ತಿನ ಹಾಗೆ ಕೆಂಪಗಿದ್ದರೂ ಹೆಡ್‌ಲೈನ್ ಸಲೀಸಾಗಿ ಓದಬಹುದು. ಅದರಲ್ಲಿದ್ದ ಕೆಂಪು ಕಣಗಳೆಲ್ಲ ನೀರು ಕುಡಿದು ಒಡೆದಿವೆ.

ಒಡೆದದ್ದು ಕಣದ ಪೊರೆ. ದಪ್ಪ ಸುಮಾರು 5 ನ್ಯಾನೋಮೀಟರ್. ಎರಡು ಪದರ ಜಿಡ್ಡು, ಅದರಲ್ಲಿ ಅಲ್ಲಲ್ಲಿ ಪ್ರೋಟೀನು. ಬಲೂನಿನ ಹಾಗೆ ಹಿಗ್ಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಬಾಗುತ್ತದೆ ನಿಜ, ಹಿಗ್ಗುವುದಿಲ್ಲ. ಎಳೆದರೆ ಜಿಡ್ಡಿನ ಅಣುಗಳ ನಡುವೆ ಸಂದಿಯಾಗಿ ನೀರು ನುಗ್ಗುತ್ತದೆ. ವಿಸ್ತೀರ್ಣ 3-4% ಜಾಸ್ತಿಯಾಯಿತೋ, ಹರಿಯಿತು.

ಹಾಗಾದರೆ 7-8 ಮೈಕ್ರೋಮೀಟರ್ ಅಗಲದ ಕಣ 3 ಮೈಕ್ರೋಮೀಟರಿನ ರಕ್ತನಾಳದಲ್ಲಿ ತೂರುವುದು ಹೇಗೆ? ಅಕ್ಕಿ ಮೂಟೆ ನೆನೆಸಿಕೊಳ್ಳಿ. ಅರ್ಧ ತುಂಬಿದ್ದನ್ನು ಅಟ್ಟದ ಕಿಂಡಿಯಲ್ಲಿ ಹೇಗೆ ಬೇಕಾದರೂ ತುರುಕಬಹುದು. ಬಿಗಿಯಾಗಿ ತುಂಬಿದ್ದು ಜಪ್ಪಯ್ಯ ಅಂದರೂ ಬಾಗದು. ಕೆಂಪು ಕಣ ಅರೆ ತುಂಬಿದ ಮೂಟೆ. ಒಳಗಿನ ಸರಕನ್ನು ಉಂಡೆ ಮಾಡಿ ಸುತ್ತಲು ಬೇಕಾದ್ದಕ್ಕಿಂತ ಸುಮಾರು 40% ಹೆಚ್ಚು ಪೊರೆ ಅದಕ್ಕಿದೆ. ನಡುವೆ ತಗ್ಗಿದ ತಟ್ಟೆಯ ಆಕಾರ ಬಂದಿರುವುದೇ ಈ ಸಡಿಲದಿಂದ.

ಸಡಿಲ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಬ್ಬ ಹುಡುಗನ ಸ್ಲೈಡ್ ಸಾಕು. ಪದೇಪದೇ ಕಾಮಾಲೆ, ಮನೆಯವರು ಎರಡು ಸಲ ಸೊಪ್ಪಿನ ಔಷಧಿ ಕುಡಿಸಿದ್ದರು. ಲಿವರ್ ಚೆನ್ನಾಗಿಯೇ ಇತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚಿಕ್ಕ, ಗಾಢ, ನಡುವೆ ಬಿಳುಪೇ ಇಲ್ಲದ ಗುಂಡು ಕಣಗಳು. ಪೊರೆಯ ಒಳಬದಿಗೆ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ ಇರುತ್ತದೆ. ಅದರ ಹಿಡಿತ ತಪ್ಪಿದರೆ ಪೊರೆ ಚೂರುಚೂರಾಗಿ ಉದುರುತ್ತದೆ, ಸರಕು ಮಾತ್ರ ಹಾಗೇ ಉಳಿಯುತ್ತದೆ. ಮೂಟೆ ಬಿಗಿಯಾಯಿತು. ಗುಲ್ಮದ, ಅಂದರೆ ಸ್ಪ್ಲೀನಿನ, ಕಿರಿದಾದ ಸಂದಿಗಳಲ್ಲಿ ಅದು ಸಿಕ್ಕಿಕೊಂಡು ಸಾಯುತ್ತದೆ. 120 ದಿನ ಬಾಳಬೇಕಾದ ಕಣ ಬೇಗ ಮುಗಿದು, ಅದರ ಹಳದಿ ಕಣ್ಣಿಗೆ ಬರುತ್ತದೆ, ಪಿತ್ತಕೋಶದಲ್ಲಿ ಸೇರಿ ಕಲ್ಲೂ ಆಗಬಹುದು.

ಟ್ಯೂಬುಗಳನ್ನು ಸಾಲಾಗಿ ಇಟ್ಟು ಉಪ್ಪು ಇಳಿಸುತ್ತಾ ಹೋದೆವು. ಸಾಮಾನ್ಯ ಕಣ 0.5%ರ ಹತ್ತಿರ ಒಡೆಯಲು ಶುರುವಾಗುತ್ತದೆ. ಇವನದು 0.65%ಕ್ಕೇ ಕೆಂಪಾಯಿತು. ಇಷ್ಟರಿಂದಲೇ ತೀರ್ಪು ಕೊಡುವಂತಿಲ್ಲ, ದೇಹವೇ ತನ್ನ ಕಣಗಳ ಮೇಲೆ ಬಿದ್ದಾಗಲೂ ಹೀಗಾಗುತ್ತದೆ. ಅದಕ್ಕೆ, ಆ ದಾಳಿಯ ಗುರುತು ಹುಡುಕುವ ಕೂಂಬ್ಸ್ ಪರೀಕ್ಷೆ ಮಾಡಿದೆವು, ನೆಗೆಟಿವ್ ಬಂತು.

ಆಮೇಲೆ ಅಪ್ಪನ ಬೆರಳಿನಿಂದಲೂ ಒಂದು ಹನಿ ತೆಗೆದೆ. ಅವೇ ಗುಂಡು ಕಣಗಳು. “ನನಗೇನೂ ಆಗಿಲ್ಲ ಡಾಕ್ಟ್ರೇ,” ಅಂದರು. ಇಪ್ಪತ್ತೆಂಟಕ್ಕೇ ಪಿತ್ತಕೋಶದ ಕಲ್ಲು ತೆಗೆಸಿಕೊಂಡಿದ್ದನ್ನು ಹೇಳಿದ್ದು ಅವರ ಹೆಂಡತಿ.