ಸಿಂಪಡಣೆಯಲ್ಲಿ ನಾಜಲ್ ಹರಿವಿನ ಲೆಕ್ಕ: ಆಲೂಗಡ್ಡೆ ಸಾಲಿನಿಂದ ಕಾಫಿ ಗಿಡದವರೆಗೆ

ಹಾಸನದ ಸುತ್ತಮುತ್ತ ಮುಂಗಾರಿನ ಆಲೂಗಡ್ಡೆಗೆ ಅಂಗಮಾರಿ ರೋಗ ತಗಲುವ ದಿನಗಳಲ್ಲಿ, ಎಕರೆಗೆ ಎಷ್ಟು ಕ್ಯಾನು ಔಷಧಿ ಹೊಡೆದಿರಿ ಎಂದು ಕೇಳಿದರೆ ಒಬ್ಬರು ಎಂಟು ಎನ್ನುತ್ತಾರೆ, ಪಕ್ಕದ ಹೊಲದವರು ಹದಿನಾಲ್ಕು ಎನ್ನುತ್ತಾರೆ. ಇಬ್ಬರೂ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಬೆರೆಸಿದ್ದಾರೆ ಎಂದುಕೊಳ್ಳೋಣ. ಆದರೂ 16 ಲೀಟರಿನ ಕ್ಯಾನಿನ ಲೆಕ್ಕದಲ್ಲಿ ಮೊದಲನೆಯವರ ಎಕರೆಗೆ ಬಿದ್ದ ಔಷಧಿ 256 ಗ್ರಾಂ, ಎರಡನೆಯವರದಕ್ಕೆ ಬಿದ್ದದ್ದು 448 ಗ್ರಾಂ. ಬೆರಕೆಯಲ್ಲಿ ತಪ್ಪಿಲ್ಲ, ವ್ಯತ್ಯಾಸ ಬಂದಿರುವುದು ಸಿಂಪಡಣೆ ಕೊಳವೆಯ ತುದಿಯಲ್ಲಿ ದ್ರಾವಣ ಹೊರಚೆಲ್ಲುವ ನಾಜಲ್‌ನ ಹರಿವು ಮತ್ತು ನಡೆಯುವ ವೇಗ ಇವೆರಡರ ಹೊಂದಾಣಿಕೆಯಲ್ಲಿ.

ಈ ಲೆಕ್ಕವನ್ನು ಗುಂಟೆಯಿಂದ ಆರಂಭಿಸಿದರೆ ಸುಲಭವಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ. ಎಕರೆಗೆ 12 ಕ್ಯಾನು, ಅಂದರೆ 192 ಲೀಟರ್ ಹೊಡೆಯಬೇಕೆಂದು ನಿರ್ಧರಿಸಿದರೆ, 40 ಗುಂಟೆಗೆ ಹಂಚಿದಾಗ ಗುಂಟೆಗೆ 4.8 ಲೀಟರ್ ಬರುತ್ತದೆ. ಒಂದು ಗುಂಟೆ ಸುಮಾರು 101 ಚದರ ಮೀಟರ್. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಅಂತರವಿದ್ದರೆ ಆ ಗುಂಟೆಯೊಳಗಿನ ಸಾಲುಗಳ ಒಟ್ಟು ಉದ್ದ ಸುಮಾರು 168 ಮೀಟರ್ ಆಗುತ್ತದೆ. ಇನ್ನು ನಡಿಗೆಯನ್ನು ಅಳೆಯಬೇಕು. ಬೆನ್ನ ಮೇಲೆ ನೀರು ತುಂಬಿದ ಕ್ಯಾನು ಹೊತ್ತು, ಕೆಸರಾಗಿರುವ ಅದೇ ಹೊಲದಲ್ಲಿ 20 ಮೀಟರ್ ನಡೆದು ಸಮಯ ನೋಡಬೇಕೇ ಹೊರತು ರಸ್ತೆಯ ಮೇಲೆ ಬರಿಗೈಯಲ್ಲಿ ನಡೆದು ನೋಡಿದರೆ ಪ್ರಯೋಜನವಿಲ್ಲ. 25 ಸೆಕೆಂಡು ಹಿಡಿಯಿತು ಎಂದರೆ ವೇಗ ನಿಮಿಷಕ್ಕೆ 48 ಮೀಟರ್. 168 ಮೀಟರ್ ಮುಗಿಸಲು ಮೂರೂವರೆ ನಿಮಿಷ ಬೇಕು. ಆ ಮೂರೂವರೆ ನಿಮಿಷದಲ್ಲಿ 4.8 ಲೀಟರ್ ಹೊರಬರಬೇಕಾದರೆ ನಾಜಲ್‌ನ ಹರಿವು ನಿಮಿಷಕ್ಕೆ 1.37 ಲೀಟರ್ ಇರಬೇಕು.

ಪಠ್ಯಗಳಲ್ಲಿ ಇದೇ ಲೆಕ್ಕವನ್ನು ಸೂತ್ರವಾಗಿ ಕೊಟ್ಟಿರುತ್ತಾರೆ: ಹೆಕ್ಟೇರಿಗೆ ಬೇಕಾದ ಲೀಟರ್, ಗಂಟೆಗೆ ಕಿಲೋಮೀಟರಿನಲ್ಲಿ ವೇಗ, ಮೀಟರಿನಲ್ಲಿ ಸಿಂಪಡಣೆಯ ಅಗಲ, ಈ ಮೂರನ್ನು ಗುಣಿಸಿ 600ರಿಂದ ಭಾಗಿಸಬೇಕು. ಈ 600 ಎಲ್ಲಿಂದ ಬಂತೆಂದು ತಿಳಿಯದೆ ಬಾಯಿಪಾಠ ಮಾಡುವುದು ಬೇಡ. ಕಿಲೋಮೀಟರನ್ನು ಮೀಟರಿಗೂ ಗಂಟೆಯನ್ನು ನಿಮಿಷಕ್ಕೂ ಇಳಿಸಿ, ಹೆಕ್ಟೇರಿನ 10,000 ಚದರ ಮೀಟರಿನಿಂದ ಭಾಗಿಸಿದಾಗ ಉಳಿಯುವ ಸಂಖ್ಯೆ ಅದು. ನಮ್ಮ ಉದಾಹರಣೆಯಲ್ಲಿ ಎಕರೆಗೆ 192 ಲೀಟರ್ ಎಂದರೆ ಹೆಕ್ಟೇರಿಗೆ 474 ಲೀಟರ್, ನಿಮಿಷಕ್ಕೆ 48 ಮೀಟರ್ ಎಂದರೆ ಗಂಟೆಗೆ 2.88 ಕಿಲೋಮೀಟರ್. ಸೂತ್ರದಲ್ಲಿ 474 ಲೀಟರ್, 2.88 ಕಿಲೋಮೀಟರ್ ಮತ್ತು 0.6 ಮೀಟರ್ ಹಾಕಿ ನೋಡಿದರೆ ಉತ್ತರ ಮತ್ತೆ 1.37 ಎಂದೇ ಬರುತ್ತದೆ.

ಈಗ ಕೈಯಲ್ಲಿರುವ ನಾಜಲ್ ಎಷ್ಟು ಕೊಡುತ್ತದೆ ಎಂಬುದನ್ನು ಬರೀ ನೀರು ತುಂಬಿ, ಒಂದು ನಿಮಿಷ ಅಳತೆಯ ಜಗ್ಗಿಗೆ ಹಿಡಿದು ನೋಡಬೇಕು. ಮೂರು ಸಲ ಹಿಡಿದು ಸರಾಸರಿ ತೆಗೆಯುವುದು ಒಳ್ಳೆಯದು. ಅದು 0.7 ಲೀಟರ್ ಬಂದಿತೆನ್ನಿ, ಬೇಕಾದುದರ ಅರ್ಧ. ಒತ್ತಡ ಏರಿಸಿದರಾಯಿತು ಎಂದು ತೋರುವುದು ಸಹಜ, ಆದರೆ ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಹರಿವು ಎರಡರಷ್ಟಾಗಲು ಒತ್ತಡ ನಾಲ್ಕರಷ್ಟಾಗಬೇಕು. 2 ಬಾರ್ ಇದ್ದದ್ದನ್ನು 8 ಬಾರ್‌ಗೆ ಒಯ್ಯುವುದು ಕೈಪಂಪಿನಿಂದ ಆಗುವ ಕೆಲಸವಲ್ಲ, ಹಾಗೊಮ್ಮೆ ಒಯ್ದರೂ ಹನಿಗಳು ಮಂಜಿನಂತೆ ಸಣ್ಣದಾಗಿ ಮಳೆಗಾಲದ ಗಾಳಿಗೆ ಪಕ್ಕದ ಹೊಲಕ್ಕೆ ಹೋಗುತ್ತವೆ. ಅದಕ್ಕಿಂತ ಒಂದೇ ಸಾಲನ್ನು ಎರಡೂ ಬದಿಯಿಂದ ಅದೇ ನಡಿಗೆಯಲ್ಲಿ ಹೊಡೆಯುವುದು ಮೇಲು. ಎರಡು ಸಲ 0.7 ಎಂದರೆ ಗುಂಟೆಗೆ 4.9 ಲೀಟರ್ ಬೀಳುತ್ತದೆ. ಅಂಗಮಾರಿಯ ಬಿಳಿ ಬೂಷ್ಟು ಎಲೆಯ ತಳದಲ್ಲಿ ಕಾಣುವುದರಿಂದ, ಎರಡೂ ಬದಿಯಿಂದ ತಳಕ್ಕೆ ದ್ರಾವಣ ತಲುಪಿಸುವುದು ರೋಗದ ದೃಷ್ಟಿಯಿಂದಲೂ ಸರಿಯಾದ ಕ್ರಮ.

ಹೊಸತರಲ್ಲಿ ಅಳೆದ ಹರಿವನ್ನು ಬರೆದಿಟ್ಟುಕೊಂಡು, ಅದಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ಬರತೊಡಗಿದಾಗ ನಾಜಲ್ ಬದಲಿಸಬೇಕು. ಪುಡಿ ರೂಪದ ಔಷಧಿಗಳು ಹಿತ್ತಾಳೆಯ ರಂಧ್ರವನ್ನು ಬೇಗ ಸವೆಸುತ್ತವೆ. ಕಟ್ಟಿಕೊಂಡ ನಾಜಲ್‌ಗೆ ತಂತಿ ಚುಚ್ಚುವುದಾಗಲಿ ಬಾಯಿಯಿಂದ ಊದುವುದಾಗಲಿ ಖಂಡಿತ ಕೂಡದು; ಮೃದುವಾದ ಬ್ರಷ್ಷು ಸಾಕು.

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಸಾಲಿನ ಉದ್ದದ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿ ಗಿಡದ ಮುಂದೆ ನಿಂತು ಹೊಡೆಯಬೇಕು. ಆರಡಿಗೆ ಆರಡಿ ಅಂತರದ ಅರೇಬಿಕಾದಲ್ಲಿ ಎಕರೆಗೆ 1,210 ಗಿಡಗಳಿರುತ್ತವೆ. ನಾಜಲ್ ನಿಮಿಷಕ್ಕೆ 0.9 ಲೀಟರ್ ಕೊಡುತ್ತಿದ್ದು, ಎಲೆಗಳ ತಳಭಾಗವೂ ತೋಯುವಂತೆ ಒಂದು ಗಿಡಕ್ಕೆ 20 ಸೆಕೆಂಡು ಹಿಡಿದರೆ, ಗಿಡಕ್ಕೆ 0.3 ಲೀಟರಿನಂತೆ ಎಕರೆಗೆ 363 ಲೀಟರ್ ಬೇಕು. ಇದು 200 ಲೀಟರಿನ ಎರಡು ಬ್ಯಾರೆಲ್‌ಗೆ ಸ್ವಲ್ಪ ಕಡಿಮೆ. ತುಕ್ಕು ರೋಗಕ್ಕೆ ಹೊಡೆಯುವ ಶೇಕಡಾ 0.5ರ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಬ್ಯಾರೆಲ್‌ಗೆ ಒಂದು ಕಿಲೋ ಮೈಲುತುತ್ತ ಬೇಕಾಗುವುದರಿಂದ, ಎಕರೆಗೆ ಸುಮಾರು 1.8 ಕಿಲೋ ಎಂದು ಮೊದಲೇ ತೂಗಿಟ್ಟುಕೊಳ್ಳಬಹುದು. ಆಳು ಅವಸರದಲ್ಲಿ ಗಿಡಕ್ಕೆ 12 ಸೆಕೆಂಡು ಮಾತ್ರ ನಿಂತರೆ ಒಂದು ಬ್ಯಾರೆಲ್ ಮುಗಿದಾಗ 666 ಗಿಡಗಳ ಬದಲು 1,111 ಗಿಡಗಳು ದಾಟಿರುತ್ತವೆ. ಆದುದರಿಂದ ಮೊದಲ ಬ್ಯಾರೆಲ್ ಖಾಲಿಯಾದ ಗಿಡಕ್ಕೆ ಗುರುತು ಕಟ್ಟಿ, ಅಲ್ಲಿಯವರೆಗಿನ ಗಿಡಗಳನ್ನು ಒಮ್ಮೆ ಎಣಿಸಿ ನೋಡಬೇಕು.