ಬೆಸುಗೆಗಳನ್ನು ನೋಡಿಕೊಳ್ಳುವವರು ಯಾರು?

2012ರ ಆಗಸ್ಟ್ 1ರ ಬೆಳಿಗ್ಗೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ಕಳೆದುಕೊಂಡಿತು. ಯಾವ ಕಳ್ಳನೂ ನುಗ್ಗಿರಲಿಲ್ಲ. ಯಾವ ಕಂಪ್ಯೂಟರೂ ಕೆಟ್ಟು ನಿಂತಿರಲಿಲ್ಲ.

ಅಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಒಂದು ಹೊಸ ಯೋಜನೆ ಶುರುವಾಗುವುದಿತ್ತು. ಅದಕ್ಕಾಗಿ ಬರೆದ ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಉಳಿದುಹೋಯಿತು. ಆ ಎಂಟನೆಯದರಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಇನ್ನೂ ಕೂತಿತ್ತು. ಅದರ ಬಳಕೆಯನ್ನು 2003ರಲ್ಲೇ ನಿಲ್ಲಿಸಿದ್ದರು, ಕಿತ್ತು ಹಾಕಿರಲಿಲ್ಲ. ಹಿಂದೆ ಅದನ್ನು ಚಾಲೂ ಮಾಡುತ್ತಿದ್ದ ಸಂಕೇತವನ್ನೇ ಈಗ ಹೊಸ ಕೋಡ್‌ಗೂ ಕೊಟ್ಟಿದ್ದರು. ಪೇಟೆ ತೆರೆಯಿತು, ಸಂಕೇತ ಬಂತು, ಒಂಬತ್ತು ವರ್ಷ ಮಲಗಿದ್ದ ಕೋಡ್ ಎದ್ದು ಷೇರು ಕೊಳ್ಳುವ, ಮಾರುವ ಆರ್ಡರ್ ಹಾಕತೊಡಗಿತು. ‘ಬೇಕಾದಷ್ಟು ಷೇರು ಆಯಿತು, ಇನ್ನು ನಿಲ್ಲಿಸು’ ಎಂದು ಲೆಕ್ಕ ಹೇಳುವ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸರಿಸಿದ್ದರು. ಹಾಗಾಗಿ ಅದು ನಿಲ್ಲಲೇ ಇಲ್ಲ. ಗ್ರಾಹಕರಿಂದ ಬಂದಿದ್ದ 212 ಆರ್ಡರ್‌ಗಳು 40 ಲಕ್ಷ ವಹಿವಾಟುಗಳಾದವು. ಪೇಟೆ ತೆರೆಯುವ ಮೊದಲೇ ‘ಪವರ್ ಪೆಗ್’ ಹೆಸರಿದ್ದ 97 ಇಮೇಲ್‌ಗಳನ್ನು ಸಿಸ್ಟಂ ತಾನಾಗಿಯೇ ಸಿಬ್ಬಂದಿಗೆ ಕಳಿಸಿತ್ತು. ಯಾರೂ ಅದರ ಬೆನ್ನು ಹತ್ತಲಿಲ್ಲ.

ಒಬ್ಬ ತಂತ್ರಜ್ಞ ಮರೆತ, ಅಷ್ಟೇ ಎಂದು ಕೈತೊಳೆದುಕೊಳ್ಳಬಹುದು. ಆದರೆ ಆ ಹಳೆಯ ಕೋಡ್ ಅಲ್ಲಿದೆ ಎಂದು ಯಾರಿಗೆ ಗೊತ್ತಿರಬೇಕಿತ್ತು? ಅದು ಯಾವುದಕ್ಕೆಲ್ಲ ಅಂಟಿಕೊಂಡಿದೆ, ಅದರ ಹೊಣೆ ಯಾರದ್ದು, ಯಾವಾಗ ಕೀಳಬೇಕು? ಇಡೀ ಸಂಸ್ಥೆಯ ಮಟ್ಟದಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳುವ ಕೆಲಸಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅನ್ನುತ್ತಾರೆ.

ಈ ಹೆಸರು ಕೇಳಿದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರುವುದು ಚೌಕಗಳು, ಬಾಣಗಳು, ಗೋಡೆ ತುಂಬುವ ಚಾರ್ಟ್. ಚಾರ್ಟ್ ಬರೆದರೆ ಆರ್ಕಿಟೆಕ್ಚರ್ ಆಯಿತು ಎಂಬ ನಂಬಿಕೆ ಎಷ್ಟೋ ಕಂಪನಿಗಳಲ್ಲಿ ಬೇರುಬಿಟ್ಟಿದೆ. ನನಗೆ ಇದನ್ನು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ. 1987ರಲ್ಲಿ ಐಬಿಎಂನ ಜಾನ್ ಝ್ಯಾಕ್‌ಮನ್ ಈ ಕ್ಷೇತ್ರಕ್ಕೆ ಬುನಾದಿ ಹಾಕಿದ ಲೇಖನ ಬರೆದಾಗ ಅವರ ಕಾಳಜಿ ಸರಳವಾಗಿತ್ತು. ಏನು, ಹೇಗೆ, ಎಲ್ಲಿ ಎಂಬ ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಿಕೊಳ್ಳಬೇಕು. ಯಾರು, ಯಾವಾಗ, ಯಾಕೆ ಎಂಬವು 1992ರಲ್ಲಿ ಸೇರಿಕೊಂಡವು. 1995ರಲ್ಲಿ, ಅಮೆರಿಕದ ರಕ್ಷಣಾ ಇಲಾಖೆಯ ಕೆಲಸದ ಮೇಲೆ ಕಟ್ಟಿದ ಟೋಗಾಫ್ ಎಂಬ ಚೌಕಟ್ಟು ಬಂತು. ಆಮೇಲೆ ಸರ್ಟಿಫಿಕೇಟ್‌ಗಳು, ಕಮಿಟಿಗಳು, ಫಾರ್ಮ್‌ಗಳು ಬೆಳೆದವು. ಪ್ರಶ್ನೆ ಕೇಳುವುದು ಹಿಂದೆ ಬಿತ್ತು, ಕೋಷ್ಟಕ ತುಂಬುವುದು ಮುಂದೆ ಬಂತು.

ಈ ಕೆಲಸ ಯಾಕೆ ಬೇಕು ಎಂಬುದಕ್ಕೆ ಒಂದು ಪುಟ್ಟ ಲೆಕ್ಕ ಇದೆ. ನನಗೆ ಬಹಳ ಇಷ್ಟವಾದ ಲೆಕ್ಕ. ಹತ್ತು ಸಿಸ್ಟಂಗಳಿದ್ದರೆ ಅವುಗಳ ನಡುವೆ 45 ಜೋಡಿಗಳು ಸಾಧ್ಯ. ಇಪ್ಪತ್ತಾದರೆ 190. ನೂರಾದರೆ 4,950. ಸಿಸ್ಟಂ ಹತ್ತು ಪಟ್ಟು ಬೆಳೆದರೆ ಜೋಡಿಗಳು 110 ಪಟ್ಟು ಬೆಳೆಯುತ್ತವೆ. ಎಲ್ಲ ಜೋಡಿಗಳ ನಡುವೆಯೂ ಸಂಪರ್ಕ ಇರಲ್ಲ, ನಿಜ. ಕಾಲು ಭಾಗ ಇದ್ದರೂ ಸಾವಿರಕ್ಕೂ ಜಾಸ್ತಿ ಆಯಿತು. ನೀರಿನ ಕೊಳವೆ ಸಾಮಾನ್ಯವಾಗಿ ಸೋರುವುದು ಬೆಸುಗೆಯಲ್ಲಿ ಅಲ್ವಾ? ಇಲ್ಲೂ ಹಾಗೇ. ಒಂದೊಂದು ಸಿಸ್ಟಂಗೂ ಒಂದು ತಂಡ, ಒಬ್ಬ ಮ್ಯಾನೇಜರ್, ಒಂದು ಬಜೆಟ್ ಇರುತ್ತದೆ. ಎರಡರ ನಡುವಿನ ಬೆಸುಗೆಗೆ ಯಾರೂ ಇರುವುದಿಲ್ಲ.

ನಡುವೆ ಒಂದು ಕೇಂದ್ರ ಇಟ್ಟು ಎಲ್ಲವನ್ನೂ ಅದಕ್ಕೇ ಜೋಡಿಸಿ ಎನ್ನುವವರಿದ್ದಾರೆ. ಅದರಿಂದ ತಂತಿಗಳ ಸಂಖ್ಯೆ ಇಳಿಯುತ್ತದೆ. ತಂತಿಯ ಒಳಗೆ ಹರಿಯುವ ಅಂಕಿಯನ್ನು ಎರಡೂ ತುದಿಯವರು ಒಂದೇ ರೀತಿ ಅರ್ಥ ಮಾಡಿಕೊಂಡಿದ್ದಾರಾ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಬಳಿ ನಾಶವಾದದ್ದು ಹೀಗೆ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ತಂಡದ್ದು ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ವ್ಯತ್ಯಾಸ 4.45 ಪಟ್ಟು. ಫೈಲ್ ಸರಿಯಾಗಿ ತಲುಪಿತ್ತು, ಸಂಪರ್ಕ ಚೆನ್ನಾಗಿಯೇ ಇತ್ತು.

ಇನ್ನೊಂದು ಹಳೆಯ ಮಾತನ್ನು ಇಲ್ಲಿ ನೆನೆಯಲೇಬೇಕು. 1968ರಲ್ಲಿ ಮೆಲ್ವಿನ್ ಕಾನ್ವೇ ಎಂಬ ಪ್ರೋಗ್ರಾಮರ್ ಒಂದು ವಿಷಯ ಗಮನಿಸಿದರು. ಒಂದು ಸಂಸ್ಥೆ ಕಟ್ಟುವ ಸಿಸ್ಟಂ ಆ ಸಂಸ್ಥೆಯೊಳಗಿನ ಮಾತುಕತೆಯ ರೂಪವನ್ನೇ ಪಡೆಯುತ್ತದೆ. ಮಾತಾಡದ ಎರಡು ವಿಭಾಗಗಳು ಮಾತಾಡದ ಎರಡು ಸಿಸ್ಟಂಗಳನ್ನು ಕಟ್ಟುತ್ತವೆ. ಇದನ್ನು ಅವರು ಮೊದಲು ಕಳಿಸಿದ್ದು ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ. ಸಾಬೀತು ಮಾಡಿಲ್ಲ ಎಂದು ಅಲ್ಲಿ ತಿರಸ್ಕರಿಸಿದರು, ಕೊನೆಗೆ ಡೇಟಾಮೇಷನ್ ಪತ್ರಿಕೆ ಅಚ್ಚು ಹಾಕಿತು. ಇವತ್ತು ಅದಕ್ಕೆ ಕಾನ್ವೇ ನಿಯಮ ಎಂದೇ ಹೆಸರು. ಹೊಸ ಸಾಫ್ಟ್‌ವೇರ್ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಕಾಯುವವರು ಇದನ್ನು ಓದಬೇಕು. ವಿಭಾಗಗಳ ಗೋಡೆ ಹಾಗೇ ಇದ್ದರೆ ಹೊಸ ಸಾಫ್ಟ್‌ವೇರ್ ಆ ಗೋಡೆಗಳ ಆಕಾರವನ್ನೇ ತಾಳುತ್ತದೆ. ಆದ್ದರಿಂದ ಒಳ್ಳೆಯ ಆರ್ಕಿಟೆಕ್ಟ್ ತಂಡಗಳನ್ನು ಹೇಗೆ ವಿಂಗಡಿಸಬೇಕು ಎಂಬ ಚರ್ಚೆಯಲ್ಲೂ ಕೂರಬೇಕು. ಈ ಕೆಲಸವನ್ನು ಐಟಿ ವಿಭಾಗದ ಮೂಲೆಗೆ ತಳ್ಳಿದರೆ ಅರ್ಧ ಕೆಲಸ ಅಲ್ಲೇ ಸತ್ತಂತೆ.

ಹಾಗಾದರೆ ಮುಂದೇನು? ಕೋಡ್ ದಿನಕ್ಕೆ ಹತ್ತು ಸಲ ಬದಲಾಗುವ ಕಾಲದಲ್ಲಿ, ಮೂರು ತಿಂಗಳಿಗೊಮ್ಮೆ ಸಭೆ ಸೇರಿ ಒಪ್ಪಿಗೆ ಕೊಡುವ ಕಮಿಟಿ ಉಳಿಯುವುದಿಲ್ಲ, ಉಳಿಯಲೂ ಬಾರದು. ಯಾವ ಸಿಸ್ಟಂ ಯಾವುದಕ್ಕೆ ಅಂಟಿಕೊಂಡಿದೆ ಎಂಬ ನಕ್ಷೆಯನ್ನು, ಓಡುತ್ತಿರುವ ಸಿಸ್ಟಂಗಳನ್ನೇ ನೋಡಿ ಯಂತ್ರ ಬರೆದುಕೊಡಬೇಕು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಪುಟ್ಟ ಸಾಫ್ಟ್‌ವೇರ್ ತುಣುಕಿನಲ್ಲಿ ಭಾರೀ ಭದ್ರತಾ ದೋಷ ಬಯಲಾಯಿತು. ತೇಪೆ ಬೇಗನೇ ಸಿಕ್ಕಿತು. ಆ ತುಣುಕು ನಮ್ಮಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವುದರಲ್ಲೇ ಜಗತ್ತಿನಾದ್ಯಂತ ತಂಡಗಳು ಹೈರಾಣಾದವು. ತಮ್ಮ ಬೆಸುಗೆಗಳ ಪಟ್ಟಿ ತಾಜಾ ಇದ್ದವರಿಗೆ ಅದು ಒಂದು ಹುಡುಕಾಟದ ಕೆಲಸ.

ಎಐ ಬಂದ ಮೇಲೆ ಆರ್ಕಿಟೆಕ್ಟ್ ಯಾಕೆ ಎಂದು ಈಗ ಕೇಳುತ್ತಾರೆ. ನನ್ನ ಪ್ರಕಾರ ಬೇಡಿಕೆ ಜಾಸ್ತಿಯೇ ಆಗುತ್ತದೆ. ಇಷ್ಟು ದಿನ ಎರಡು ಸಿಸ್ಟಂಗಳ ನಡುವೆ ಒಬ್ಬ ಅನುಭವಿ ಗುಮಾಸ್ತ ಕೂತಿರುತ್ತಿದ್ದ. ‘ಈ ಕಾಲಂ ನಂಬಬೇಡಿ, ಅದು ಹಳೇದು’ ಎಂದು ಅವನಿಗೆ ಗೊತ್ತಿತ್ತು. ಸುಮ್ನೆ ಸರಿಪಡಿಸಿ ಮುಂದೆ ಕಳಿಸುತ್ತಿದ್ದ. ಆ ತಿಳಿವಳಿಕೆ ಎಲ್ಲೂ ಬರೆದಿಟ್ಟಿರಲಿಲ್ಲ. ಅವನ ಜಾಗಕ್ಕೆ ಎಐ ಏಜೆಂಟ್ ಬಂದರೆ, ಯಾರೂ ಹೇಳದ ಹೊರತು ಅದು ಆ ಕಾಲಂ ಅನ್ನು ನಂಬುತ್ತದೆ. ನಂಬಿ, ಗುಮಾಸ್ತನಿಗಿಂತ ಸಾವಿರ ಪಟ್ಟು ವೇಗದಲ್ಲಿ ಮುಂದೆ ಕಳಿಸುತ್ತದೆ.

ಇದನ್ನು ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನಾನು ಇಡೀ ಸಂಸ್ಥೆಯ ನಕ್ಷೆ ಬರೆಯಿರಿ ಎನ್ನುವುದಿಲ್ಲ. ಒಂದೇ ಒಂದು ಮಾಹಿತಿ ಹಿಡಿಯಿರಿ, ಉದಾಹರಣೆಗೆ ಗ್ರಾಹಕರ ವಿಳಾಸ. ಅದು ಎಲ್ಲಿ ಹುಟ್ಟುತ್ತದೆ, ಎಷ್ಟು ಕಡೆ ನಕಲಾಗುತ್ತದೆ, ಬದಲಾದಾಗ ಯಾವ ನಕಲು ಹಿಂದೆ ಉಳಿಯುತ್ತದೆ, ಪ್ರತಿ ನಕಲಿಗೂ ಯಾರು ಹೊಣೆ ಎಂದು ಬೆನ್ನಟ್ಟಿ. ಹೊಣೆಗಾರರ ಹೆಸರು ಸಿಗದ ಜಾಗಗಳನ್ನು ಗುರುತು ಹಾಕಿಕೊಂಡು ಹೋಗಿ, ಮುಂದಿನ ವರ್ಷದ ಕೆಲಸದ ಪಟ್ಟಿ ಅಲ್ಲೇ ಸಿಗುತ್ತದೆ.