ಕಡಲ ತಳದ 67 ಟನ್ ಪಾದರಸ

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಫೆಡ್ಯೆ ಎಂಬ ಪುಟ್ಟ ದ್ವೀಪವಿದೆ. ಅದರಿಂದ ಸುಮಾರು ಎರಡು ನಾಟಿಕಲ್ ಮೈಲಿ ದೂರದಲ್ಲಿ ಮೀನುಗಾರರು ಬಲೆ ಬೀಸುವಂತಿಲ್ಲ. ಅಲ್ಲಿ 150 ಮೀಟರ್ ಆಳದಲ್ಲಿ ಜರ್ಮನಿಯ ಯು-864 ಜಲಾಂತರ್ಗಾಮಿ ಎರಡು ತುಂಡಾಗಿ ಬಿದ್ದಿದೆ. ಅದನ್ನು ಮೇಲೆತ್ತಬೇಕೋ, ಬಿದ್ದಲ್ಲೇ ಮುಚ್ಚಬೇಕೋ ಎಂಬ ವಾದಕ್ಕೆ ಎರಡು ದಶಕ ಸಂದಿದೆ. ಯಾವುದು ಶಿಫಾರಸು, ಯಾವುದು ತೀರ್ಮಾನ ಎಂಬುದೇ ಗೋಜಲಾಗಿರುವಾಗ ಕಥೆಯನ್ನು ಮೊದಲಿನಿಂದ ಹೇಳುವುದು ಒಳಿತು.

ಜರ್ಮನಿಯಿಂದ ಏಷ್ಯಾದತ್ತ ಹೊರಟ ಜಲಾಂತರ್ಗಾಮಿ ಎಂದರೆ ನಮಗೆ ನೆನಪಾಗುವುದು 1943ರಲ್ಲಿ ಸುಭಾಷ್‌ಚಂದ್ರ ಬೋಸರನ್ನು ಮಡಗಾಸ್ಕರ್ ಬಳಿಯವರೆಗೆ ಕರೆತಂದ ಯು-180. ಯು-864 ಅದೇ ಬಳಗದ ದೂರಪ್ರಯಾಣದ ಹಡಗು. 1944ರ ಡಿಸೆಂಬರ್‌ನಲ್ಲಿ ಕೀಲ್ ಬಂದರು ಬಿಟ್ಟಾಗ ಅದು ಜಪಾನಿಗೆಂದು ಜೆಟ್ ವಿಮಾನದ ಬಿಡಿಭಾಗಗಳನ್ನು ಹೊತ್ತಿತ್ತು. ತಳದಲ್ಲಿ 1,857 ಉಕ್ಕಿನ ಜಾಡಿಗಳಲ್ಲಿ ಸುಮಾರು 67 ಟನ್ ಪಾದರಸವಿತ್ತು. ಮದ್ದುಗುಂಡಿನ ಸಿಡಿಗುಳಿಗೆ ತಯಾರಿಸಲು ಜಪಾನಿಗೆ ಅದು ಬೇಕಾಗಿತ್ತು. ದಾರಿಯಲ್ಲಿ ತಳ ನೆಲಕ್ಕೆ ತಾಗಿ, ಹಡಗು ಬರ್ಗೆನ್‌ನಲ್ಲಿ ರಿಪೇರಿಗೆ ನಿಂತಿತು. ಅಲ್ಲೂ ಬ್ರಿಟಿಷರ ಬಾಂಬುಗಳು ಬಿದ್ದವು. ಮತ್ತೆ ಹೊರಟು ಫೆಡ್ಯೆಯನ್ನು ಯಾರ ಕಣ್ಣಿಗೂ ಬೀಳದೆ ದಾಟಿಯೂ ಆಗಿತ್ತು. ಅಷ್ಟರಲ್ಲಿ ಎಂಜಿನ್ ಕೈಕೊಟ್ಟು ಸದ್ದು ಮಾಡತೊಡಗಿತು. ನಾಯಕ ರಾಲ್ಫ್-ರೈಮಾರ್ ವೋಲ್ಫ್ರಾಮ್ ಹಿಂದಿರುಗಲು ನಿರ್ಧರಿಸಿದ.

ಜರ್ಮನ್ನರ ಗುಪ್ತಸಂಕೇತಗಳನ್ನು ಬಿಡಿಸಿ ಓದುತ್ತಿದ್ದ ಬ್ರಿಟಿಷರು ಆ ಕಡಲಿಗೆ ವೆಂಚರರ್ ಎಂಬ ಜಲಾಂತರ್ಗಾಮಿಯನ್ನು ಕಳಿಸಿದ್ದರು. ಅದರ ನಾಯಕ ಜಿಮ್ಮಿ ಲಾಂಡರ್ಸ್‌ಗೆ ಆಗ 25 ವರ್ಷ. 1945ರ ಫೆಬ್ರುವರಿ 9ರ ಬೆಳಿಗ್ಗೆ ಅವನ ಸಿಬ್ಬಂದಿಗೆ ನೀರಿನೊಳಗಿಂದ ಎಂಜಿನ್ನಿನ ಸದ್ದು ಕೇಳಿಸಿತು. ತಾನು ಶಬ್ದ ಕಳಿಸಿ ಪ್ರತಿಧ್ವನಿ ಹಿಡಿದರೆ ಶತ್ರುವಿಗೆ ಸುಳಿವು ಸಿಗುತ್ತಿತ್ತು. ಆದ್ದರಿಂದ ಬರೀ ಕಿವಿಗೊಟ್ಟೇ ಎರಡು ಗಂಟೆಗೂ ಹೆಚ್ಚು ಹೊತ್ತು ಬೆನ್ನತ್ತಿದ. ಯು-864 ಅಂಕುಡೊಂಕಾಗಿ ಸಾಗುತ್ತಿತ್ತು. ಎರಡೂ ಮುಳುಗಿಯೇ ಇದ್ದವು. ದಿಕ್ಕು, ವೇಗ ಮಾತ್ರವಲ್ಲ, ಆಳವನ್ನೂ ಊಹಿಸಬೇಕಿತ್ತು. ಲಾಂಡರ್ಸ್ ಲೆಕ್ಕ ಹಾಕಿ ನಾಲ್ಕು ಟಾರ್ಪಿಡೊಗಳನ್ನು ಬೇರೆ ಬೇರೆ ಆಳಕ್ಕೆ, ಒಂದರ ಹಿಂದೊಂದರಂತೆ ಬಿಟ್ಟ. ಮೂರನ್ನು ತಪ್ಪಿಸಿಕೊಂಡ ಯು-864 ನಾಲ್ಕನೆಯದರ ದಾರಿಗೇ ತಿರುಗಿತು. ಒಳಗಿದ್ದ 73 ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಎರಡೂ ಮುಳುಗಿರುವಾಗ ಒಂದು ಜಲಾಂತರ್ಗಾಮಿ ಇನ್ನೊಂದನ್ನು ಬೇಟೆಯಾಡಿದ ನಿದರ್ಶನ ಯುದ್ಧದ ಇತಿಹಾಸದಲ್ಲಿ ಇದೊಂದೇ. ನೌಕಾ ಅಧಿಕಾರಿಗಳಿಗೆ ಇಂದಿಗೂ ಇದು ಪಾಠ. ಫೆಡ್ಯೆಯವರಿಗೆ ಆ ಲೆಕ್ಕಾಚಾರದ ಸೊಗಸಿನಿಂದ ಏನೂ ಆಗಬೇಕಿಲ್ಲ.

ಮುಂದಿನ 58 ವರ್ಷ ಹಡಗು ಮರೆವಿನಲ್ಲಿ ಮಲಗಿತ್ತು. 2003ರಲ್ಲಿ ನಾರ್ವೆಯ ನೌಕಾಪಡೆ ಅವಶೇಷವನ್ನು ಪತ್ತೆ ಮಾಡಿತು.

ವರ್ಷಕ್ಕೆ ಸುಮಾರು 4 ಕಿಲೋ ಪಾದರಸ ಸೋರುತ್ತಿದೆ ಎಂಬ ಅಂದಾಜು ಬಂತು. ಮೂಲದಲ್ಲಿ 5 ಮಿಲಿಮೀಟರ್ ದಪ್ಪವಿದ್ದ ಜಾಡಿಗಳ ಉಕ್ಕು ಕೆಲವೆಡೆ ಒಂದು ಮಿಲಿಮೀಟರ್‌ಗೆ ಸವೆದಿತ್ತು. ಕೆಸರಿನ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಿಸಿದರೆ ಅದು ಹುಳುವಿನಿಂದ ಏಡಿಗೆ, ಮೀನಿಗೆ, ತಟ್ಟೆಗೆ ಏರುತ್ತದೆ. ಈ ವಿಷ ಏನು ಮಾಡಬಲ್ಲದೆಂದು 1956ರಿಂದೀಚೆಗೆ ಜಗತ್ತಿಗೆ ತೋರಿಸಿಕೊಟ್ಟದ್ದು ಜಪಾನಿನದೇ ಮಿನಮಾಟ ಪಟ್ಟಣ; ಅಲ್ಲಿ ಈ ವಿಷ ಸೇರಿದ ಮೀನು ತಿಂದವರ ನರಮಂಡಲವೇ ಹಾಳಾಗಿತ್ತು. ಗರ್ಭಿಣಿಯರು ಅವಶೇಷದ ಸುತ್ತಲಿನ ಮೀನು ತಿನ್ನಬಾರದೆಂದು ಸೂಚನೆ ಹೊರಟಿತು.

2006ರಲ್ಲಿ ಕರಾವಳಿ ಆಡಳಿತ ಮರಳು, ಕಲ್ಲು ಸುರಿದು ಮುಚ್ಚುವಂತೆ ಹೇಳಿತು. ಮೇಲೆತ್ತುವಾಗ ಹಡಗು ಒಡೆದು ಇದ್ದಬದ್ದ ಪಾದರಸ ಚೆಲ್ಲೀತು, ಒಳಗೆ ಸಿಡಿಯದ ಟಾರ್ಪಿಡೊಗಳೂ ಇರಬಹುದು ಎಂಬುದು ಆ ವಾದ, ತಳ್ಳಿಹಾಕುವಂಥದ್ದಲ್ಲ. ದ್ವೀಪದವರು ಒಪ್ಪಲಿಲ್ಲ. ಮುಚ್ಚಿದ ವಿಷ ಮೊಮ್ಮಕ್ಕಳ ಪಾಲಿಗೆ ಎಂಬುದು ಅವರ ಚಿಂತೆ. 2009ರಲ್ಲಿ ಸರ್ಕಾರ ಮೇಲೆತ್ತುವುದಾಗಿ ಘೋಷಿಸಿತು. ಆಮೇಲೆ ಖರ್ಚಿನ ಲೆಕ್ಕ, ಅಪಾಯದ ಲೆಕ್ಕ, ಮರುಪರಿಶೀಲನೆ. 2016ರಲ್ಲಿ ಇಳಿಜಾರಿನ ಕೆಸರು ಕುಸಿಯದಂತೆ ಸುಮಾರು ಒಂದು ಲಕ್ಷ ಘನ ಮೀಟರ್ ಮರಳು, ಕಲ್ಲು ಸುರಿದರು. 2018ರಲ್ಲಿ ತೀರ್ಮಾನ ತಿರುವುಮುರುವಾಗಿ, ಮುಚ್ಚುವುದೇ ಸರಿ ಎಂದಾಯಿತು. ಪ್ರತಿಭಟನೆಗಳ ನಂತರ ನೇಮಕವಾದ ತಜ್ಞರ ಸಮಿತಿ 2022ರಲ್ಲಿ, ಮುಚ್ಚುವ ಮೊದಲು ಜಾಡಿಗಳನ್ನು ಹೊರತೆಗೆಯಲು ಸಾಧ್ಯವೇ ನೋಡಬೇಕು ಎಂದಿತು.

ಪಾದರಸ ಹೊರಬರಲಿ ಎಂದೇ ದ್ವೀಪದವರು ಮೊದಲಿನಿಂದ ಕೇಳುತ್ತಿದ್ದದ್ದು. ಅಷ್ಟರಲ್ಲಿ ಹಡಗು ಸಿಕ್ಕಿ 19 ವರ್ಷವಾಗಿತ್ತು. 1,857 ಜಾಡಿಗಳಲ್ಲಿ ಮೇಲೆ ಬಂದದ್ದು ಕೆಲವೇ ಕೆಲವು.